ಮುರುಗಲ ತುಪ್ಪ: ಚರ್ಮರಕ್ಷಣೆಯಲ್ಲಿ ಅದರ ಗುಣ ಮತ್ತು ಮಿತಿ

ಪಶ್ಚಿಮಘಟ್ಟದ ಕಾಡುಗಳಲ್ಲಿಯೂ ಕರಾವಳಿಯ ಹಿತ್ತಿಲುಗಳಲ್ಲಿಯೂ ಬೆಳೆಯುವ ಒಂದು ಮರಕ್ಕೆ ಉತ್ತರ ಕನ್ನಡದಲ್ಲಿ ಮುರುಗಲು, ದಕ್ಷಿಣ ಕನ್ನಡದಲ್ಲಿ ಪುನರ್ಪುಳಿ, ಮುಂಬಯಿಯ ಪೇಟೆಯಲ್ಲಿ ಕೋಕಂ ಎಂದು ಹೆಸರು. ಸಂಸ್ಕೃತದ ವೃಕ್ಷಾಮ್ಲವೂ ಇದೇ. ಸಸ್ಯಶಾಸ್ತ್ರಜ್ಞರ ಗಾರ್ಸಿನಿಯಾ ಇಂಡಿಕಾ ಕೂಡ ಇದೇ. ಹಣ್ಣಿನ ಸಿಪ್ಪೆಯು ಸಾರಿಗೂ ಪಾನಕಕ್ಕೂ ಒದಗಿದರೆ, ಬೀಜವು ಗಟ್ಟಿಯಾದ ಜಿಡ್ಡೊಂದನ್ನು ಕೊಡುತ್ತದೆ. ಅದೇ ಮುರುಗಲ ತುಪ್ಪ.

ಬೀಜಗಳನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ ಜಿಡ್ಡನ್ನು ತೆಗೆದು ಆರಿಸಿ ಉಂಡೆ ಕಟ್ಟುವುದು ಹಳೆಯ ಪದ್ಧತಿ. ಒಡೆದ ಹಿಮ್ಮಡಿಗೂ ತುಟಿಗೂ ಅದನ್ನು ಸವರುವ ರೂಢಿಯೂ ಹಳೆಯದೇ. ಇಂದು ಅದೇ ಪದಾರ್ಥವು ಶುದ್ಧೀಕರಣಗೊಂಡು, 'ಕೋಕಂ ಬೆಣ್ಣೆ'ಯೆಂಬ ಹೆಸರಿನಿಂದ ಸಾಬೂನು, ಲೇಪನ, ಕ್ರೀಮುಗಳಲ್ಲಿ ಸೇರುತ್ತಿದೆ.

ಇದರ ಗುಣಕ್ಕೆ ಕಾರಣ ಇದರ ರಚನೆ. ಸ್ಟಿಯರಿಕ್ ಮತ್ತು ಓಲಿಯಿಕ್ ಎಂಬ ಎರಡು ಮೇದಾಮ್ಲಗಳೇ ಇದರ ಬಹುಭಾಗ. ಸ್ಟಿಯರಿಕ್ ಆಮ್ಲದ ಆಧಿಕ್ಯದಿಂದ ಈ ತುಪ್ಪವು ಸುಮಾರು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಾತ್ರ ಕರಗುತ್ತದೆ. ಬೇಗ ಕಮಟು ಹಿಡಿಯುವುದಿಲ್ಲ. ಚರ್ಮದ ಮೇಲೆ ತೆಳುವಾದ ಪೊರೆಯಾಗಿ ನಿಂತು ಒಳಗಿನ ತೇವವು ಆರಿಹೋಗದಂತೆ ತಡೆಯುತ್ತದೆ. ಅಂದರೆ ಅದು ಚರ್ಮಕ್ಕೆ ನೀರನ್ನು ಕೊಡುವುದಿಲ್ಲ, ಇರುವ ನೀರನ್ನು ಕಾಯುತ್ತದೆ. ಸ್ನಾನವಾದೊಡನೆ ಹಚ್ಚಿದರೆ ಫಲ ಹೆಚ್ಚುವುದು ಇದರಿಂದಲೇ.

ಸುರಕ್ಷತೆಯ ವಿಷಯದಲ್ಲಿ ಇದಕ್ಕೆ ಒಳ್ಳೆಯ ಹೆಸರಿದೆ. ಯುರೋಪಿನ ಒಕ್ಕೂಟವು 2000ದ ನಿರ್ದೇಶನದಲ್ಲಿ ಚಾಕೊಲೇಟಿಗೆ ಬೆರೆಸಬಹುದಾದ ಆರು ಸಸ್ಯಜಿಡ್ಡುಗಳಲ್ಲಿ ಇದನ್ನೂ ಎಣಿಸಿತು. ಆದರೆ ತಿನ್ನಲು ಯೋಗ್ಯವಾದುದೆಲ್ಲ ಎಲ್ಲರ ಚರ್ಮಕ್ಕೂ ಒಗ್ಗುವುದೆಂದಲ್ಲ. ಸಿದ್ಧವಸ್ತುಗಳಲ್ಲಿ ತುರಿಕೆಗೆ ಕಾರಣವಾಗುವುದು ಬಹುವೇಳೆ ಜಿಡ್ಡಲ್ಲ, ಅದರೊಡನೆ ಸೇರಿದ ಸುಗಂಧ ಮತ್ತು ಸಂರಕ್ಷಕಗಳು. ಮೊದಲು ಮುಂಗೈಯ ಒಳಭಾಗದಲ್ಲಿ ಸ್ವಲ್ಪ ಹಚ್ಚಿ ಕೆಲವು ದಿನ ನೋಡುವುದು ವಿವೇಕ.

ಜಾಹೀರಾತುಗಳ ಮಾತು ಬೇರೆ. ಮೊಡವೆ ತರಿಸದ ಜಿಡ್ಡುಗಳ ಪಟ್ಟಿಗಳು ಬಹುಮಟ್ಟಿಗೆ ಮೊಲದ ಕಿವಿಯ ಮೇಲೆ ನಡೆದ ಪರೀಕ್ಷೆಗಳಿಂದ ಹುಟ್ಟಿದವು. ಮನುಷ್ಯರ ಮುಖಕ್ಕೆ ಅವು ಯಥಾವತ್ತಾಗಿ ಅನ್ವಯಿಸುವುದಿಲ್ಲ. ಬಸುರಿನ ಗೆರೆಗಳನ್ನು ಸಸ್ಯಬೆಣ್ಣೆ ತಡೆಯುವುದೆಂಬ ನಂಬಿಕೆಯೂ ವ್ಯಾಪಕ. ರಚನೆಯಲ್ಲಿ ಮುರುಗಲಿಗೆ ಹತ್ತಿರವಾದ ಕೋಕೋ ಬೆಣ್ಣೆಯನ್ನು ಲೆಬನಾನಿನಲ್ಲಿ ಪರೀಕ್ಷಿಸಿದಾಗ ಅಂತಹ ಫಲ ಕಾಣಲಿಲ್ಲವೆಂದು 2008ರಲ್ಲಿ ಪ್ರಕಟವಾಯಿತು. ಸಿಪ್ಪೆಯಲ್ಲಿರುವ ಆಮ್ಲದ ಗುಣಗಳನ್ನು ಬೀಜದ ಜಿಡ್ಡಿಗೆ ಆರೋಪಿಸುವುದೂ ಸಲ್ಲದು.

ಒಣಗಿದ ಚರ್ಮವನ್ನು ಮೃದುಗೊಳಿಸುವುದು ಒಂದು, ರೋಗವನ್ನು ಗುಣಪಡಿಸುವುದು ಮತ್ತೊಂದು. ಮಧುಮೇಹವುಳ್ಳವರ ಹಿಮ್ಮಡಿ ಆಳವಾಗಿ ಒಡೆದು ರಕ್ತ ಒಸರಿದರೆ ಅಲ್ಲಿ ಬೇಕಾದುದು ತುಪ್ಪವಲ್ಲ, ವೈದ್ಯ. ಈ ವಿವೇಚನೆಯಿರುವಲ್ಲಿ ಅಜ್ಜಿಯ ಭರಣಿಯ ಉಂಡೆಗೆ ನಗರದ ಮನೆಯಲ್ಲಿಯೂ ನ್ಯಾಯವಾದ ಸ್ಥಾನವಿದೆ.