ಲಾ ಪಾಜ್‌ನ ತೆಳುಗಾಳಿ ಗಣಕದೊಳಗೂ ಬೀಸುತ್ತದೆಯೇ?

2009ರ ಏಪ್ರಿಲ್ 1ರಂದು ಬೊಲಿವಿಯಾದ ಲಾ ಪಾಜ್‌ನಲ್ಲಿ ಅರ್ಜೆಂಟೀನಾ 6-1 ಗೋಲುಗಳಿಂದ ಸೋತಿತು. ಮೈದಾನದಲ್ಲಿ ಮೆಸ್ಸಿ ಇದ್ದರು, ಗೆರೆಯಾಚೆ ತರಬೇತುದಾರನಾಗಿ ಮರಡೋನಾ ನಿಂತಿದ್ದರು. ತಾರೀಖು ನೋಡಿ ಇದು ಏಪ್ರಿಲ್ ಫೂಲ್ ಸುದ್ದಿ ಎಂದು ಯಾರಾದರೂ ನಕ್ಕಿದ್ದರೆ ಅವರ ತಪ್ಪಲ್ಲ. ಅದಕ್ಕೂ ಮುಂಚೆ, 1993ರಲ್ಲಿ, ವಿಶ್ವಕಪ್ ಅರ್ಹತಾ ಪಂದ್ಯಗಳಲ್ಲಿ ಅಲ್ಲಿಯವರೆಗೆ ಸೋಲನ್ನೇ ಕಾಣದಿದ್ದ ಬ್ರೆಜಿಲ್ ಇದೇ ಮೈದಾನದಲ್ಲಿ 2-0ಯಿಂದ ಮುಗ್ಗರಿಸಿತ್ತು. ಮೈದಾನ ಇರುವುದು ಸಮುದ್ರಮಟ್ಟದಿಂದ 3,600 ಮೀಟರ್‌ಗೂ ಎತ್ತರದಲ್ಲಿ. ಈಗ ‘ಫುಟ್‌ಬಾಲ್ ಮ್ಯಾನೇಜರ್’ನಂಥ ಆಟಗಳಲ್ಲಿ ಗಣಕದ ಮುಂದೆ ಕೂತು ತಂಡ ಕಟ್ಟುವವರೂ ಲಾ ಪಾಜ್‌ಗೆ ಹೋಗಿ ಸೋತು ಬರುತ್ತಾರೆ. ಬಂದವರದು ಒಂದೇ ಪ್ರಶ್ನೆ: ಸೋಲಿಸಿದ್ದು ಬೆಟ್ಟವೋ, ನನ್ನ ತಂತ್ರವೋ? ಆ ಬೆಟ್ಟ ನಿಜಕ್ಕೂ ಗಣಕದೊಳಗೆ ಇದೆಯೇ?

ಮೊದಲು ಯಂತ್ರವನ್ನು ನೋಡೋಣ. ಇಂಥ ಆಟದಲ್ಲಿ ನೀವು ಚೆಂಡು ಒದೆಯುವುದಿಲ್ಲ. ಹನ್ನೊಂದು ಜನರನ್ನು ಆರಿಸಿ, ಹೀಗೆ ಆಡಿ ಎಂದು ಹೇಳಿ, ಕೈಕಟ್ಟಿ ನೋಡುತ್ತೀರಿ. ಆಡಿಸುವುದು ‘ಮ್ಯಾಚ್ ಎಂಜಿನ್’ ಎಂಬ ತಂತ್ರಾಂಶ. 1992ರಲ್ಲಿ ಇಂಗ್ಲೆಂಡಿನ ಕಾಲಿಯರ್ ಸಹೋದರರು ‘ಚಾಂಪಿಯನ್‌ಶಿಪ್ ಮ್ಯಾನೇಜರ್’ ಹೊರತಂದಾಗ ಪರದೆಯ ಮೇಲೆ ಮೈದಾನವೇ ಇರಲಿಲ್ಲ, ಬರೀ ವಾಕ್ಯಗಳು ಓಡುತ್ತಿದ್ದವು. 2003ರಲ್ಲಿ ಚುಕ್ಕೆಗಳು ಬಂದವು, ‘ಫುಟ್‌ಬಾಲ್ ಮ್ಯಾನೇಜರ್ 2009’ರಲ್ಲಿ ಮೂರು ಆಯಾಮದ ಮನುಷ್ಯರು ಬಂದರು. ಒಳಗಿನ ಆಟಗಾರ ಮಾತ್ರ ಇಂದಿಗೂ ಅಂಕಿಗಳ ಒಂದು ಸಾಲು: ವೇಗ, ಪಾಸ್ ಕೊಡುವ ಕೌಶಲ, ದಮ್ಮು, ಎಲ್ಲಕ್ಕೂ 1ರಿಂದ 20ರವರೆಗೆ ಅಂಕ. ಎಂಜಿನ್ ಸೆಕೆಂಡಿಗೆ ಹಲವು ಬಾರಿ ಕೇಳಿಕೊಳ್ಳುತ್ತದೆ: ಚೆಂಡು ಎಲ್ಲಿದೆ, ಹತ್ತಿರ ಯಾರಿದ್ದಾರೆ, ಅವರಲ್ಲಿ ಎಷ್ಟು ಉಸಿರು ಉಳಿದಿದೆ? ಇಂಥ ಯಂತ್ರಕ್ಕೆ ಹವಾಮಾನ ಮೂರು ಬಾಗಿಲಿಂದ ಬರಬಹುದು: ನೆಲ, ಚೆಂಡು, ಮೈ. ನೆಲದ ಬಗ್ಗೆ ತಕರಾರಿಲ್ಲ. ಮಳೆ, ಕೆಸರು, ಹಾಳಾದ ಹುಲ್ಲು ಈ ಆಟಗಳಲ್ಲಿ ಬಹಳ ಕಾಲದಿಂದ ಇವೆ. ಹಿಮಗಟ್ಟಿದ ಮೈದಾನದಿಂದ ಪಂದ್ಯ ಮುಂದೂಡುವುದೂ ಇದೆ.

ಎತ್ತರದ ಮಾತು ಬಂದಾಗ ಜನ ಮೊದಲು ತಟ್ಟುವುದು ಚೆಂಡಿನ ಬಾಗಿಲನ್ನು. ಚಿನ್ನಸ್ವಾಮಿಯಲ್ಲಿ ಸಿಕ್ಸರ್ ಸುರಿಯುವುದಕ್ಕೆ ಬೆಂಗಳೂರಿನ 920 ಮೀಟರ್ ಎತ್ತರವನ್ನು ಕಾರಣ ಕೊಡುವ ನಮಗೆ ಈ ತರ್ಕ ಹೊಸದಲ್ಲ. ಲಾ ಪಾಜ್‌ನಲ್ಲಿ ಗಾಳಿಯ ಸಾಂದ್ರತೆ ಕಡಲತೀರದ ಮೂರರಲ್ಲಿ ಎರಡು ಪಾಲು. 430 ಗ್ರಾಂ ತೂಕದ ಚೆಂಡು ಗಂಟೆಗೆ 108 ಕಿಲೋಮೀಟರ್ ವೇಗದಲ್ಲಿ ಹೊರಟರೆ ಕಡಲತೀರದಲ್ಲಿ ಅದನ್ನು ತಡೆಯುವ ಗಾಳಿಯ ಬಲ ಹೆಚ್ಚುಕಡಿಮೆ ಚೆಂಡಿನ ತೂಕದಷ್ಟೇ ಇರುತ್ತದೆ. ಲಾ ಪಾಜ್‌ನಲ್ಲಿ ಅದರ ಮೂರನೇ ಒಂದು ಪಾಲು ಮಾಯ. ಕೇಳಲು ದೊಡ್ಡದೇ. ಆದರೆ 20 ಮೀಟರ್ ದೂರದ ಫ್ರೀಕಿಕ್‌ಗೆ ಲೆಕ್ಕ ಹಾಕಿ: ಚೆಂಡು ಕಡಲತೀರದಲ್ಲಿ ಸುಮಾರು 0.74 ಸೆಕೆಂಡಿನಲ್ಲಿ ಗೋಲು ತಲುಪಿದರೆ, ಲಾ ಪಾಜ್‌ನಲ್ಲಿ ಸುಮಾರು 0.72. ಉಳಿಯುವುದು ಸೆಕೆಂಡಿನ ನೂರರಲ್ಲಿ ಎರಡು ಮೂರು ಪಾಲು. ತಿರುಗುವ ಚೆಂಡು ಗಾಳಿಯನ್ನು ಒರಗಿಕೊಂಡೇ ಬಾಗಬೇಕಾದ್ದರಿಂದ, ಕಡಲತೀರದಲ್ಲಿ ಎರಡು ಮೀಟರ್ ಬಾಗುವುದು ಲಾ ಪಾಜ್‌ನಲ್ಲಿ ಒಂದೂಕಾಲರಿಂದ ಒಂದೂವರೆ ಮೀಟರ್ ಬಾಗೀತು. ಗೋಲ್‌ಕೀಪರ್‌ಗೆ ಇದು ಮುಖ್ಯ, ಒಪ್ಪುವೆ. ಆದರೂ ತೊಂಬತ್ತು ನಿಮಿಷದಲ್ಲಿ ಇಂಥ ಒದೆತ ಎಷ್ಟು ಬಾರಿ? 6-1ರ ಸೋಲನ್ನು ಈ ಬಾಗಿಲಿನಿಂದ ತರಲಾಗದು. ಎಂಜಿನ್ ಸೆಕೆಂಡನ್ನು ನಾಲ್ಕು ಹೋಳು ಮಾಡಿ ಗೋಲ್‌ಕೀಪರ್‌ನ ನಿರ್ಧಾರವನ್ನು ಲೆಕ್ಕ ಹಾಕುತ್ತದೆ ಎಂದುಕೊಂಡರೆ, ಈ ವ್ಯತ್ಯಾಸ ಹೋಳುಗಳ ಸಂದಿಯಲ್ಲೇ ಕಳೆದುಹೋದೀತು.

ಬೆಟ್ಟ ಒಳಗೆ ಬರುವುದು ಮೈಯ ಬಾಗಿಲಿನಿಂದ. ಲಾ ಪಾಜ್‌ನ ಗಾಳಿಯಲ್ಲೂ ಆಮ್ಲಜನಕ ನೂರಕ್ಕೆ 21 ಪಾಲೇ ಇದೆ. ಕಡಿಮೆಯಾಗಿರುವುದು ಅದನ್ನು ಶ್ವಾಸಕೋಶದಿಂದ ರಕ್ತಕ್ಕೆ ತಳ್ಳುವ ಒತ್ತಡ. ಒಂದು ಓಟಕ್ಕೆ ಯಾರಿಗೂ ತೊಂದರೆಯಿಲ್ಲ. ಓಡಿದ ಮೇಲೆ ಸುಧಾರಿಸಿಕೊಳ್ಳುವುದೇ ತಡ. ಆಕ್ಸ್‌ಫರ್ಡ್‌ನ ಪ್ಯಾಟ್ರಿಕ್ ಮ್ಯಾಕ್‌ಶ್ಯಾರಿ ದಕ್ಷಿಣ ಅಮೆರಿಕದ ಹತ್ತು ದೇಶಗಳ ಸುಮಾರು ನೂರು ವರ್ಷಗಳ 1,460 ಪಂದ್ಯಗಳನ್ನು ಅಳೆದು 2007ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಲೆಕ್ಕ ಒಪ್ಪಿಸಿದರು: ಅತಿಥಿಗಳ ಊರಿಗಿಂತ ತವರು ಸಾವಿರ ಮೀಟರ್ ಎತ್ತರದಲ್ಲಿದ್ದರೆ ಗೋಲುಗಳ ಅಂತರ ಅರ್ಧ ಗೋಲಿನಷ್ಟು ತವರಿನ ಕಡೆಗೆ ವಾಲುತ್ತದೆ. ಎರಡೂ ಒಂದೇ ಎತ್ತರದವಾದರೆ ತವರಿನ ತಂಡ ಗೆಲ್ಲುವ ಸಂಭವ ನೂರಕ್ಕೆ 54. ಬೊಲಿವಿಯಾ ಬ್ರೆಜಿಲನ್ನು ಮೇಲೆ ಎದುರಿಸಿದರೆ 82. ಅದೇ ಬೊಲಿವಿಯಾ ಕೆಳಗಿಳಿದರೆ ತವರಿನ ಬ್ರೆಜಿಲ್ ಗೆಲ್ಲುವ ಸಂಭವ 21ಕ್ಕೆ ಕುಸಿಯುತ್ತದೆ ಎಂದೂ ಆ ಸೂತ್ರ ಹೇಳುತ್ತದೆ. ಬ್ರೆಜಿಲ್ ತನ್ನ ನೆಲದಲ್ಲಿ ಆಡುವುದನ್ನು ನೋಡಿದವರು ಇದನ್ನು ನಂಬಲಾರರು. ಸೂತ್ರ ತಂಡಗಳ ಕೌಶಲವನ್ನು ಸಮನಾಗಿಟ್ಟು ಎತ್ತರವನ್ನಷ್ಟೇ ತೂಗಿದೆ ಎಂಬುದನ್ನು ನೆನಪಿಟ್ಟರೆ ಗೊಂದಲವಿಲ್ಲ.

ಹಾಗಾದರೆ ಎಂಜಿನ್ ಬರೆಯುವವರು ಲಾ ಪಾಜ್ ಬಂದ ಕೂಡಲೇ ಅತಿಥಿಗಳ ದಮ್ಮಿನಿಂದ ಎರಡು ಅಂಕ ಕಳೆದರೆ ಮುಗಿಯಿತೇ? ಮುಗಿಯಲಿಲ್ಲ ಎನ್ನಲು ಸೆಕೆಯ ಉದಾಹರಣೆ ಸಾಕು. 2012ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಸ್ಕ್ಯಾಂಡಿನೇವಿಯಾದ 17 ಆಟಗಾರರನ್ನು ಒಮ್ಮೆ 21 ಡಿಗ್ರಿಯಲ್ಲಿ, ಇನ್ನೊಮ್ಮೆ 43 ಡಿಗ್ರಿಯ ಬೇಗೆಯಲ್ಲಿ ಆಡಿಸಿದರು. ಬೇಗೆಯಲ್ಲಿ ಓಡಿದ ಒಟ್ಟು ದೂರ ಶೇ 7ರಷ್ಟು, ಬಿರುಸಿನ ಓಟ ಶೇ 26ರಷ್ಟು ಇಳಿಯಿತು. ಆದರೆ ಗುರಿ ಮುಟ್ಟಿದ ಪಾಸ್‌ಗಳ ಪ್ರಮಾಣ ಶೇ 8ರಷ್ಟು ಏರಿತು! ಎದುರಾಳಿ ಮೈಮೇಲೆ ಬೀಳದಿದ್ದರೆ ಪಾಸ್ ಕೊಡಲು ಪುರುಸೊತ್ತು ಸಿಗುತ್ತದೆ, ಅಷ್ಟೇ. ಎಲ್ಲ ಅಂಕಗಳನ್ನೂ ಒಂದಿಷ್ಟು ಕೊಯ್ದುಬಿಡುವ ಎಂಜಿನ್‌ನಲ್ಲಿ ಸೆಕೆಯ ಪಂದ್ಯ ಬರೀ ಕೆಟ್ಟ ಪಂದ್ಯವಾಗುತ್ತದೆ. ಉಸಿರನ್ನಷ್ಟೇ ತಗ್ಗಿಸಿ ಉಳಿದದ್ದನ್ನು ಆಟಗಾರರ ನಡೆಗೇ ಬಿಟ್ಟ ಎಂಜಿನ್‌ನಲ್ಲಿ ಪಾಸ್‌ಗಳು ತಾವಾಗಿ ಏರಬೇಕು. ಒಳಗಿನ ಬರಹ ನಮಗೆ ತೋರಿಸುವವರಿಲ್ಲ. ಪಂದ್ಯ ಮುಗಿದ ಮೇಲೆ ಪರದೆಯಲ್ಲಿ ಕಾಣುವ ಪಾಸ್‌ಗಳ ಶೇಕಡಾ ಲೆಕ್ಕ ಮಾತ್ರ ಬಚ್ಚಿಡಲಾಗದ ಸಾಕ್ಷಿ. ಹವಾಮಾನದ ನಿಜವಾದ ಪರೀಕ್ಷೆ ಸ್ಕೋರಿನಲ್ಲಿಲ್ಲ, ಅಲ್ಲಿದೆ.

‘ಪರೀಕ್ಷೆ ಯಾಕೆ, ಎಪ್ಪತ್ತನೇ ನಿಮಿಷಕ್ಕೆ ನನ್ನ ಹುಡುಗರು ಏದುಸಿರು ಬಿಟ್ಟದ್ದನ್ನು ಕಣ್ಣಾರೆ ಕಂಡೆ’ ಎನ್ನುವವರಿದ್ದಾರೆ. ಕಂಡದ್ದು ಸುಳ್ಳಲ್ಲ, ಕಾರಣ ಮಾತ್ರ ಸಂಶಯ. ದೂರದ ಪ್ರಯಾಣ, ಮೂರು ದಿನದ ಹಿಂದಿನ ಪಂದ್ಯ, ಎದುರಾಳಿಯ ತವರಿನ ಬಲ, ಎಲ್ಲವೂ ಅದೇ ಏದುಸಿರಿನಲ್ಲಿ ಬೆರೆತಿವೆ. ಸಾಲದ್ದಕ್ಕೆ ಫುಟ್‌ಬಾಲಿನಲ್ಲಿ ಅದೇ ಎರಡು ತಂಡಗಳು ಮತ್ತೆ ಮತ್ತೆ ಆಡಿದರೂ ಗೋಲಿನ ಅಂತರ ಒಂದೂವರೆ ಎರಡು ಗೋಲಿನಷ್ಟು ಏರುಪೇರಾಗುವುದು ಮಾಮೂಲು. ಲಾ ಪಾಜ್‌ನ ಪೂರ್ತಿ ಪರಿಣಾಮವೂ ಸುಮಾರು ಅಷ್ಟೇ, 1.8 ಗೋಲು. ಒಂದು ಸೋಲಿನಲ್ಲಿ ಬೆಟ್ಟ ಯಾವುದು, ಅದೃಷ್ಟ ಯಾವುದು ಎಂದು ಯಾರೂ ಬೇರ್ಪಡಿಸಲಾರರು.

ಇಲ್ಲಿ ಗಣಕದ ಮುಂದೆ ಕೂತವರಿಗೆ ಫೀಫಾಕ್ಕಿಲ್ಲದ ಅನುಕೂಲವಿದೆ. 2007ರಲ್ಲಿ ಫೀಫಾ 2,500 ಮೀಟರ್‌ಗಿಂತ ಮೇಲೆ ಅಂತರರಾಷ್ಟ್ರೀಯ ಪಂದ್ಯ ಬೇಡವೆಂದಿತು, ಸುಮಾರು ಒಂದು ತಿಂಗಳಲ್ಲಿ ಮಿತಿಯನ್ನು 3,000ಕ್ಕೆ ಏರಿಸಿತು, ಲಾ ಪಾಜ್‌ಗೆ ವಿನಾಯಿತಿ ಕೊಟ್ಟಿತು, 2008ರಲ್ಲಿ ನಿಷೇಧವನ್ನೇ ಅಮಾನತಿನಲ್ಲಿಟ್ಟಿತು. ಬೊಲಿವಿಯಾದ ಪಂದ್ಯವನ್ನು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಆಡಿಸಿ ನೋಡುವ ದಾರಿ ಅದಕ್ಕಿರಲಿಲ್ಲ. ನಿಮಗಿದೆ. ಆಟದ ದತ್ತಾಂಶ ತಿದ್ದುವ ಎಡಿಟರ್‌ನಲ್ಲಿ ಬೊಲಿವಿಯಾದ ತವರು ಮೈದಾನವನ್ನು ಸುಮಾರು 400 ಮೀಟರ್ ಎತ್ತರದ ಸಾಂತಾ ಕ್ರೂಸ್‌ಗೆ ಇಳಿಸಿ. ತವರಿನ ಬಲ ಹಾಗೇ ಉಳಿಯುತ್ತದೆ, ಬೆಟ್ಟ ಮಾತ್ರ ಹೋಗುತ್ತದೆ. ಅದೇ ಹನ್ನೊಂದು ಜನರನ್ನು ಎರಡೂ ಕಡೆ ಮತ್ತೆ ಮತ್ತೆ ಆಡಿಸಿ, ಗೋಲಿನ ಜೊತೆ ಪಾಸ್‌ಗಳನ್ನೂ ಬರೆದಿಟ್ಟುಕೊಳ್ಳಿ. ಬೆಟ್ಟ ಪೂರ್ತಿಯಾಗಿ ಒಳಗಿದ್ದರೆ ಒಂದೊಂದು ಕಡೆಯ ಹತ್ತು ಹದಿನೈದು ಪಂದ್ಯದಲ್ಲೇ ಕಾಣಿಸುತ್ತದೆ. ಕಾಣಿಸಲಿಲ್ಲವೆಂದು ಅಲ್ಲಿಗೇ ನಿಲ್ಲಿಸಬೇಡಿ: ಕಾಲು ಭಾಗದ ಬೆಟ್ಟ ಕಣ್ಣಿಗೆ ಬೀಳಲು ಒಂದೊಂದು ಕಡೆ ನೂರಕ್ಕೂ ಹೆಚ್ಚು ಪಂದ್ಯ ಬೇಕು.