ಹರೆಯದ ಮಕ್ಕಳೂ ಮೂಸುವ ಚಟವೂ



ಪವಿತ್ರ ಕುಟುಂಬದ ಹಬ್ಬವೆಂದರೆ ಹನ್ನೆರಡು ವರ್ಷದ ಬಾಲಯೇಸು ಜೆರುಸಲೇಮಿನಲ್ಲೇ ಉಳಿದ ಘಟನೆ ನೆನಪಾಗುತ್ತದೆ. ಮಗ ನೆಂಟರ ಗುಂಪಿನಲ್ಲಿದ್ದಾನೆಂದುಕೊಂಡೇ ಮರಿಯಮ್ಮನವರೂ ಜೋಸೆಫರೂ ಒಂದು ದಿನದ ದಾರಿ ನಡೆದಿದ್ದರು. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ನಮ್ಮ ಮನೆಗಳಲ್ಲೂ ಹಾಗೆಯೇ. ಮೆಣಸಿನಕಾಯಿ ಸುಗ್ಗಿಯಲ್ಲಿ ತಂದೆತಾಯಿ ಇಬ್ಬರೂ ದುಡಿಮೆಗೆ ಹೊರಟರೆ, ಮಗ ಗೆಳೆಯರೊಡನೆ ಇದ್ದಾನೆಂಬ ನಂಬಿಕೆಯಲ್ಲೇ ಸಂಜೆಯಾಗುತ್ತದೆ.

ಕುಡಿತದ ಕೇಡು ನಮಗೆಲ್ಲ ಗೊತ್ತು. ಪಂಕ್ಚರ್ ಅಂಗಡಿಯ ಸೊಲ್ಯೂಷನ್, ಥಿನ್ನರ್, ವೈಟ್ನರ್, ಪೆಟ್ರೋಲುಗಳ ಆವಿಯೂ ಮತ್ತು ಬರಿಸುತ್ತದೆಂಬುದು ಅನೇಕ ಹೆತ್ತವರಿಗೆ ತಿಳಿಯದು. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯ ದೆಹಲಿಯ ಏಮ್ಸ್ ಮೂಲಕ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚಾಗಿ ಕಂಡ ಮತ್ತು ಇದೊಂದೇ: ದೊಡ್ಡವರಲ್ಲಿ ಶೇಕಡಾ 0.58, 10ರಿಂದ 17 ವರ್ಷದವರಲ್ಲಿ ಶೇಕಡಾ 1.17. ಬಾಟಲಿಯಲ್ಲಿ ಬರುವ ವೈಟ್ನರ್ ಮತ್ತು ಥಿನ್ನರ್‌ಗಳ ಚಿಲ್ಲರೆ ಮಾರಾಟವನ್ನು ಸರ್ಕಾರ 2012ರಲ್ಲೇ ನಿಷೇಧಿಸಿತು. ಆದರೆ ಸೈಕಲ್ ಟ್ಯೂಬಿಗೆ ಹಚ್ಚುವ ಅಂಟನ್ನು ಊರಿನಿಂದಲೇ ತೆಗೆದುಹಾಕಲಾದೀತೇ?

ಈ ವಸ್ತುಗಳಲ್ಲಿರುವ ಟಾಲ್ವೀನ್‌ನಂಥ ದ್ರಾವಕಗಳು ಶ್ವಾಸಕೋಶದಿಂದ ಬೇಗನೆ ಮೆದುಳಿಗೆ ಏರುತ್ತವೆ. ದಿನಗಳೆದಂತೆ ನೆನಪು, ನಡಿಗೆ, ಮೂತ್ರಪಿಂಡ ಎಲ್ಲವೂ ಕೆಡುತ್ತವೆ. ಮೊದಲ ಸಲವೇ ಹೃದಯ ಬಡಿತ ತಪ್ಪಿ ಮಗು ಸಾಯುವುದೂ ಉಂಟು. ಬಟ್ಟೆಯಲ್ಲಿ ಪೇಂಟಿನ ವಾಸನೆ, ಕರವಸ್ತ್ರದಲ್ಲಿ ಕಲೆ, ಬಾಯಿಯ ಸುತ್ತ ಗುಳ್ಳೆ, ಕೆಂಪು ಕಣ್ಣು, ಊಟ ಬೇಡವೆನ್ನುವುದು ಕಂಡರೆ ವಿಚಾರಿಸಿರಿ. ಗ್ಯಾರೇಜಿನಲ್ಲಿ ದುಡಿಯುವ ಹುಡುಗನ ಬಟ್ಟೆಯೂ ನಾರುತ್ತದೆ. ಆದ್ದರಿಂದ ಒಂದೇ ಗುರುತನ್ನು ಹಿಡಿದು ಆರೋಪಿಸಬೇಡಿರಿ.

ಒಂದು ಮಾತು ವಿಶೇಷವಾಗಿ ಗಮನದಲ್ಲಿರಲಿ. ಮೂಸುತ್ತಿರುವಾಗಲೇ ಮಗು ಕೈಗೆ ಸಿಕ್ಕರೆ ಗದರಬೇಡಿರಿ, ಬೆನ್ನಟ್ಟಬೇಡಿರಿ. ಆ ಹೊತ್ತಿನ ಭಯ, ಓಟಗಳೇ ಹೃದಯವನ್ನು ನಿಲ್ಲಿಸಬಲ್ಲವು. ಮೆಲ್ಲಗೆ ಗಾಳಿಯಾಡುವ ಕಡೆ ಕೂರಿಸಿ ಜೊತೆಗಿರಿ. ಪ್ರಜ್ಞೆ ತಪ್ಪಿದರೆ ಪಕ್ಕಕ್ಕೆ ಮಲಗಿಸಿ 108ಕ್ಕೆ ಕರೆಮಾಡಿರಿ. ಬುದ್ಧಿಮಾತು ಮರುದಿನಕ್ಕಿರಲಿ. ದೇವಾಲಯದಲ್ಲಿ ಮಗನನ್ನು ಕಂಡ ಮರಿಯಮ್ಮನವರು ಕೈ ಎತ್ತಲಿಲ್ಲ, ಏಕೆ ಹೀಗೆ ಮಾಡಿದೆ ಎಂದು ಕೇಳಿದರು.

ಧರ್ಮಕೇಂದ್ರಗಳಲ್ಲಿ ಭಾನುವಾರದ ಪೂಜೆಯ ನಂತರ ತಂದೆತಾಯಿಯರಿಗೂ ಯುವಜನರಿಗೂ ಬೇರೆಬೇರೆ ಸಭೆ ನಡೆಸುವುದು ಒಳ್ಳೆಯದು. ಹೆತ್ತವರ ಸಭೆಯಲ್ಲಿ ವಸ್ತುಗಳ ಹೆಸರು ಹೇಳಿ ತಿಳಿಸಬೇಕು. ಪಂಕ್ಚರ್ ಅಂಗಡಿಯವರನ್ನೂ ಕರೆಯಬಹುದು. ಮಕ್ಕಳ ಮುಂದೆ ಆ ಪಟ್ಟಿ ಬೇಡ, ಮೂಸುವ ಬಗೆಯ ವಿವರಣೆಯಂತೂ ಬೇಡವೇ ಬೇಡ, ಅದೇ ಪಾಠವಾದೀತು! ಅವರಿಗೆ ಇದು ವಿಷವೆಂದು ಹೇಳಿ, ಗೆಳೆಯ ಕರೆದಾಗ ಒಲ್ಲೆನೆನ್ನುವುದನ್ನು ಚಿಕ್ಕ ನಾಟಕವಾಡಿಸಿ ಕಲಿಸೋಣ. ಗೆಳೆಯನೇ ಸಿಕ್ಕಿಬಿದ್ದಿದ್ದರೆ ಯಾರಿಗೆ ತಿಳಿಸಬೇಕೆಂಬುದನ್ನೂ ಅಂದೇ ಗೊತ್ತುಮಾಡೋಣ.

ಚಟಕ್ಕೆ ಬಿದ್ದ ಮಗುವಿಗೆ ಚಿಕಿತ್ಸೆಯುಂಟು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ಮೊದಲು ಸಲಹೆ ಕೇಳಲು 14446 ಉಚಿತ ಸಹಾಯವಾಣಿಯಿದೆ.