ಹಾಡಿನ ನಡುವೆ ಕೇಳುವ ‘ಟಪ್’

ಕಾಲೇಜು ವಾರ್ಷಿಕೋತ್ಸವದ ವೇದಿಕೆಯಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುವವರ ಕಾಲ ಬಳಿ ಗಮನಿಸಿ. ನೆಲದ ಮೇಲೆ ಗುಂಡಿಗಳಿರುವ ಲೋಹದ ಪೆಟ್ಟಿಗೆಯೊಂದು ಕಾಣುತ್ತದೆ. ಪಲ್ಲವಿ ಮುಗಿದು ಚರಣ ಶುರುವಾಗುವಾಗ ವಾದಕ ಒಂದು ಗುಂಡಿಯನ್ನು ಪಾದದಿಂದ ಒತ್ತುತ್ತಾನೆ. ಮೆಲ್ಲಗೆ ನುಡಿಯುತ್ತಿದ್ದ ಗಿಟಾರು ಗುಡುಗತೊಡಗುತ್ತದೆ. ಇನ್ನೊಂದನ್ನು ಒತ್ತಿದರೆ ಕಣಿವೆಯಲ್ಲಿ ಕೂಗಿದಂತೆ ಪ್ರತಿಧ್ವನಿ. ಇದೇ ಎಫೆಕ್ಟ್ಸ್ ಪ್ರೊಸೆಸರ್. ಮೊದಲೇ ಹೊಂದಿಸಿ ನೆನಪಿನಲ್ಲಿಟ್ಟ ಒಂದೊಂದು ಧ್ವನಿವಿನ್ಯಾಸಕ್ಕೂ ‘ಪ್ರಿಸೆಟ್’ ಎಂದು ಹೆಸರು.

ಪ್ರಿಸೆಟ್ ಬದಲಾಗುವ ಹೊತ್ತಿಗೆ ಕೆಲವೊಮ್ಮೆ ‘ಟಪ್’ ಎಂಬ ಸದ್ದು ಸಭಾಂಗಣವನ್ನೇ ಬೆಚ್ಚಿಬೀಳಿಸುತ್ತದೆ. ‘ಪೆಟ್ಟಿಗೆ ಕೆಟ್ಟಿದೆ, ಹೊಸದು ಕೊಡಿಸಿ’ ಎಂದು ಮಗ ಹಟ ಹಿಡಿಯುತ್ತಾನೆ. ಬೆಲೆ ಹತ್ತಾರು ಸಾವಿರ ರೂಪಾಯಿ. ತಂದೆತಾಯಿ ಕೈಚೀಲಕ್ಕೆ ಕೈಹಾಕುವ ಮುನ್ನ ಒಂದು ಮಾತು: ಬಹಳಷ್ಟು ಸಲ ಕೆಟ್ಟಿರುವುದು ಪೆಟ್ಟಿಗೆಯಲ್ಲ. ದೋಷವನ್ನು ಪತ್ತೆ ಮಾಡಲು ಪ್ರೌಢಶಾಲೆಯ ಭೌತಶಾಸ್ತ್ರ ಮತ್ತು ಸ್ವಲ್ಪ ತಾಳ್ಮೆ ಸಾಕು.

ಸಂಕೇತದ ದಾರಿ

1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆಯೇ ಎಲೆಕ್ಟ್ರಿಕ್ ಗಿಟಾರಿನ ಜೀವಾಳ. ತಂತಿಗಳ ಕೆಳಗೆ ಅಯಸ್ಕಾಂತವೂ ತಾಮ್ರದ ತಂತಿಯ ಸುರುಳಿಯೂ ಇರುತ್ತವೆ. ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯಲ್ಲಿ ಪುಟ್ಟ ವೋಲ್ಟೇಜು ಹುಟ್ಟುತ್ತದೆ. ಅದು ಸಾಮಾನ್ಯವಾಗಿ ಒಂದು ವೋಲ್ಟಿನ ಹತ್ತರಲ್ಲೊಂದು ಭಾಗದ ಆಸುಪಾಸು. ಈ ಸಂಕೇತ ಕೇಬಲ್ಲಿನ ಮೂಲಕ ಪ್ರೊಸೆಸರಿಗೆ, ಅಲ್ಲಿಂದ ಆಂಪ್ಲಿಫೈಯರಿಗೆ, ಕೊನೆಗೆ ಸ್ಪೀಕರಿಗೆ ಸಾಗುತ್ತದೆ. ದಾರಿಯಲ್ಲಿ ಎಲ್ಲಿ ಕಸ ಸೇರಿದರೂ ಅದು ಸಂಗೀತದ ಜೊತೆಗೇ ಹಿಗ್ಗಿ ಹೊರಬರುತ್ತದೆ.

ಕಸವೇ ಸೊಗಸಾದ ಪ್ರಸಂಗವೂ ಉಂಟು. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಮಾರ್ಟಿ ರಾಬಿನ್ಸ್ ಅವರ ಹಾಡೊಂದರ ಧ್ವನಿಮುದ್ರಣದಲ್ಲಿ ಮಿಕ್ಸರ್ ಯಂತ್ರದ ದೋಷದಿಂದ ಗ್ರೇಡಿ ಮಾರ್ಟಿನ್ ಅವರ ಗಿಟಾರಿನ ನಾದ ಒಡೆದುಹೋಯಿತು. 1961ರಲ್ಲಿ ಹೊರಬಂದ ಆ ಹಾಡು ಜನರಿಗೆ ಮೆಚ್ಚಿಗೆಯಾಯಿತು. ಇಂಜಿನಿಯರ್ ಗ್ಲೆನ್ ಸ್ನಾಡಿ ಆ ದೋಷವನ್ನೇ ಬೇಕೆಂದಾಗ ಹುಟ್ಟಿಸುವ ಮಂಡಲ ರಚಿಸಿದರು. 1962ರಲ್ಲಿ ಅದು ‘ಮೇಸ್ಟ್ರೊ ಫಝ್‌ಟೋನ್’ ಪೆಡಲಾಗಿ ಮಾರುಕಟ್ಟೆಗೆ ಬಂತು. ಬೇಕೆಂದಾಗ ಬಂದರೆ ನಾದ, ಬೇಡವೆಂದಾಗ ಬಂದರೆ ಗದ್ದಲ!

‘ಟಪ್’ ಎನ್ನುವುದೇಕೆ?

ಇದಕ್ಕೆ ಮುಖ್ಯವಾಗಿ ಎರಡು ಕಾರಣಗಳು. ಮೊದಲನೆಯದು ಬಿಡಿ ಪೆಡಲುಗಳಲ್ಲಿ ಕಾಣುವಂಥದು. ಮಂಡಲದ ಬಾಗಿಲಲ್ಲಿ ಕೆಪಾಸಿಟರ್ ಕಾವಲು ಕುಳಿತಿರುತ್ತದೆ. ಅದು ಏರಿಳಿಯುವ ಸಂಕೇತವನ್ನು ಒಳಗೆ ಬಿಟ್ಟು, ನೇರ ವಿದ್ಯುತ್ತನ್ನು ತಡೆಯುತ್ತದೆ. ಆದರೆ ಯಾವ ಕೆಪಾಸಿಟರೂ ನೂರಕ್ಕೆ ನೂರು ಬಿಗಿಯಲ್ಲ. ಸ್ವಿಚ್ಚು ಬಿಟ್ಟಿರುವಾಗ ಅಲ್ಪಸ್ವಲ್ಪ ವಿದ್ಯುದಂಶ ಸೋರಿ ಹೊರಬದಿಯಲ್ಲಿ ಜಮಾ ಆಗುತ್ತದೆ. ಸ್ವಿಚ್ಚು ಒತ್ತಿದ ಕ್ಷಣ ಅದೆಲ್ಲ ಒಮ್ಮೆಲೇ ಹರಿದು ‘ಟಪ್’ ಎನ್ನುತ್ತದೆ. ಪರೀಕ್ಷೆ ಸುಲಭ. ಐದು ನಿಮಿಷ ಸುಮ್ಮನಿದ್ದು ಸ್ವಿಚ್ಚು ಒತ್ತಿ, ಬಳಿಕ ಬೇಗಬೇಗ ಮತ್ತೆ ಮತ್ತೆ ಒತ್ತಿ. ಮೊದಲ ಸದ್ದು ಜೋರಾಗಿ, ನಂತರದವು ಕ್ಷೀಣಿಸಿದರೆ ಅನುಮಾನ ಇಲ್ಲಿಯೇ. ಬಾಗಿಲಿನಿಂದ ನೆಲತಂತಿಗೆ ಹತ್ತು ಲಕ್ಷ ಓಮ್‌ನ ಒಂದು ರೋಧಕ ಜೋಡಿಸಿದರೆ ಸೋರಿದ್ದು ಆಗಿಂದಾಗ್ಗೆ ಹರಿದುಹೋಗುತ್ತದೆ. ರಿಪೇರಿಯವರಿಗೆ ಇದು ಚಿಕ್ಕ ಕೆಲಸ.

ಎರಡನೆಯ ಕಾರಣ ಡಿಜಿಟಲ್ ಪ್ರೊಸೆಸರಿನದು. ಅದು ಸಂಕೇತವನ್ನು ಸೆಕೆಂಡಿಗೆ 44,100 ಅಥವಾ 48,000 ಸಲ, ಕೆಲವೊಮ್ಮೆ ಇನ್ನೂ ಹೆಚ್ಚು ಸಲ ಅಳೆದು ಅಂಕಿಗಳಾಗಿಸುತ್ತದೆ. ಅಲೆ ಏರಿ ತುದಿ ಮುಟ್ಟಿದ್ದಾಗಲೇ ಪ್ರಿಸೆಟ್ ಬದಲಾದರೆ, ಅಂಕಿ ತಟ್ಟನೆ ಸೊನ್ನೆಗೆ ಬೀಳುತ್ತದೆ. ನುಣುಪಾದ ಇಳಿಜಾರಿನ ಬದಲು ಕಡಿದಾದ ಪ್ರಪಾತ! ಇಂಥ ಹಠಾತ್ ಜಿಗಿತದಲ್ಲಿ ತಗ್ಗಿನಿಂದ ತಾರದವರೆಗಿನ ಆವೃತ್ತಿಗಳೆಲ್ಲ ಅಡಗಿರುವುದರಿಂದ ಕಿವಿಗೆ ‘ಟಕ್’ ಎಂದು ಕೇಳುತ್ತದೆ. ಒಳ್ಳೆಯ ಯಂತ್ರಗಳು ಹಳೆಯ ನಾದವನ್ನು ಕೆಲವು ಮಿಲಿಸೆಕೆಂಡುಗಳಲ್ಲಿ ಇಳಿಸಿ ಹೊಸದನ್ನು ಏರಿಸುತ್ತವೆ. ಹೊಸ ಪ್ರಿಸೆಟ್ಟಿನ ಲೆಕ್ಕಾಚಾರ ಹೊತ್ತು ತಂದು ಹೊಂದಿಸುವಷ್ಟರಲ್ಲಿ ಕೆಲವು ಯಂತ್ರಗಳಲ್ಲಿ ಕ್ಷಣಕಾಲ ಮೌನವೂ ಆವರಿಸುತ್ತದೆ. ಇಂಥಲ್ಲಿ ಇಡೀ ಪ್ರಿಸೆಟ್ ಬದಲಿಸದೆ, ಒಂದೇ ಪ್ರಿಸೆಟ್ಟಿನೊಳಗೆ ಬೇಕಾದ ಎಫೆಕ್ಟನ್ನಷ್ಟೇ ತೆರೆದು ಮುಚ್ಚುವುದು ಜಾಣತನ.

ಸಾಲು ತಪ್ಪಿದರೆ

ಎಫೆಕ್ಟುಗಳ ಅನುಕ್ರಮವೂ ಮುಖ್ಯ. ಒಂದು ಸಣ್ಣ ಲೆಕ್ಕ ನೋಡಿ. ಸಂಕೇತವನ್ನು 100 ಪಟ್ಟು ಹಿಗ್ಗಿಸುವ ಡಿಸ್ಟಾರ್ಷನ್‌ಗೆ ಮೊದಲು 1 ಮಿಲಿವೋಲ್ಟ್ ಕಸ ಸೇರಿದರೆ, ಹೊರಬರುವುದು 100 ಮಿಲಿವೋಲ್ಟ್. ಅದೇ ಕಸ ಡಿಸ್ಟಾರ್ಷನ್ ಆದಮೇಲೆ ಸೇರಿದರೆ ಒಂದೇ ಮಿಲಿವೋಲ್ಟ್. ಆದ್ದರಿಂದ ಮೊದಲ ಕೇಬಲ್ಲು ಮತ್ತು ಮೊದಲ ಪೆಡಲು ಶುದ್ಧವಾಗಿರಬೇಕು. ಮೌನದ ವೇಳೆ ಸದ್ದು ತಡೆಯುವ ‘ನಾಯ್ಸ್ ಗೇಟ್’ ಡಿಸ್ಟಾರ್ಷನ್ ನಂತರ, ಪ್ರತಿಧ್ವನಿಯ ಡಿಲೇಗೆ ಮೊದಲು ಬರಬೇಕು. ಡಿಲೇಯ ನಂತರ ಇಟ್ಟರೆ ಪ್ರತಿಧ್ವನಿಯ ಬಾಲವನ್ನೂ ಅದು ಕತ್ತರಿಸಿಬಿಡುತ್ತದೆ.

ಅರ್ಧರ್ಧ ಮಾಡಿ ಹುಡುಕಿ

ಸಾಲಿನಲ್ಲಿ ಎಂಟು ಪೆಡಲುಗಳಿವೆ, ಒಂದು ತಂಟೆ ಮಾಡುತ್ತಿದೆ ಎನ್ನಿ. ಒಂದೊಂದನ್ನೇ ಕಿತ್ತು ನೋಡಿದರೆ ಏಳು ಪ್ರಯತ್ನ ಬೇಕಾದೀತು. ಬದಲಿಗೆ ಹೀಗೆ ಮಾಡಿ. ಮೊದಲು ಗಿಟಾರನ್ನು ನೇರವಾಗಿ ಆಂಪ್ಲಿಫೈಯರಿಗೆ ಜೋಡಿಸಿ. ಸದ್ದು ನಿಂತರೆ ದೋಷ ಪೆಡಲುಗಳ ಸಾಲಿನಲ್ಲೇ ಇದೆ. ಈಗ ನಾಲ್ಕನ್ನು ಮಾತ್ರ ಜೋಡಿಸಿ. ಸದ್ದು ಬಂದರೆ ಕಳ್ಳ ಆ ನಾಲ್ಕರಲ್ಲಿ, ಬಾರದಿದ್ದರೆ ಉಳಿದ ನಾಲ್ಕರಲ್ಲಿ. ಆಮೇಲೆ ಎರಡು, ಕೊನೆಗೆ ಒಂದು. ಎಂಟು ಪೆಡಲಿಗೆ ಮೂರೇ ಪರೀಕ್ಷೆ, ಹದಿನಾರಿಗೆ ನಾಲ್ಕೇ! ಪ್ರೊಸೆಸರಿನೊಳಗಿನ ಎಫೆಕ್ಟುಗಳನ್ನೂ ಹೀಗೆಯೇ ಮುಚ್ಚಿ ತೆರೆದು ನೋಡಬಹುದು. ಒಂದು ಸಲಕ್ಕೆ ಒಂದೇ ಬದಲಾವಣೆ; ಪ್ರತಿಯೊಂದನ್ನೂ ಪುಸ್ತಕದಲ್ಲಿ ಬರೆದಿಡಿ. ಪೆಡಲಿನೊಡನೆ ಅದರ ಕೇಬಲ್ಲನ್ನೂ ಅನುಮಾನಿಸಿ, ಬೇರೆ ಕೇಬಲ್ಲು ಹಾಕಿ ನೋಡಿ.

ಸ್ವಿಚ್ಚಿನ ಸದ್ದಲ್ಲದೆ ಸತತವಾಗಿ ಗುಂಯ್‌ಗುಡುತ್ತಿದ್ದರೆ ಗಿಟಾರಿನ ವಾಲ್ಯೂಮ್ ಸೊನ್ನೆಗೆ ಇಳಿಸಿ. ಗುಂಯ್ ನಿಂತರೆ ಅದು ಗಿಟಾರಿನ ಕಡೆಯದು. ನಿಲ್ಲದಿದ್ದರೆ ಮುಂದಿನ ದಾರಿಯದು. ಪೆಡಲು ಮತ್ತು ಆಂಪ್ಲಿಫೈಯರುಗಳನ್ನು ಬೇರೆ ಬೇರೆ ಗೋಡೆಗಳ ಪ್ಲಗ್ಗಿಗೆ ಜೋಡಿಸಿದಾಗ ನೆಲತಂತಿಗಳು ಬಳೆಯಂತೆ ಸುತ್ತು ಕೂಡಿ, ನಮ್ಮ ಮನೆಯ ವಿದ್ಯುತ್ತಿನ 50 ಹರ್ಟ್ಸ್ ಗುಂಯ್‌ಕಾರ ಒಳನುಸುಳುವುದುಂಟು. ಎಲ್ಲವನ್ನೂ ಒಂದೇ ಸುಸ್ಥಿತಿಯ ಬೋರ್ಡಿಗೆ ಜೋಡಿಸಿದರೆ ಬಹುಪಾಲು ನಿಲ್ಲುತ್ತದೆ.

ಅರ್ಥ್ ಪಿನ್ನಿನ ತಂಟೆಗೆ ಹೋಗಬೇಡಿ

ಪ್ಲಗ್ಗಿನ ದಪ್ಪ ಅರ್ಥ್ ಪಿನ್ ಕಿತ್ತುಹಾಕಿದರೆ ಗುಂಯ್ ನಿಲ್ಲುತ್ತದೆ ಎಂದು ಗೆಳೆಯರು ಸಲಹೆ ಕೊಟ್ಟಾರು. ನಿಲ್ಲಲೂಬಹುದು, ಆದರೆ ಅದು ಪ್ರಾಣಕ್ಕೇ ಸಂಚಕಾರ. ಗಿಟಾರಿನ ತಂತಿಗಳು ಕೇಬಲ್ಲಿನ ಮೂಲಕ ಆಂಪ್ಲಿಫೈಯರಿನ ಲೋಹದ ಕವಚಕ್ಕೆ ಸೇರಿರುತ್ತವೆ. ಒಳಗೆ ತಂತಿಯೊಂದು ಸಡಿಲವಾಗಿ ಕವಚಕ್ಕೆ ತಗುಲಿದರೆ, ಭೂಸಂಪರ್ಕವಿಲ್ಲದಾಗ 230 ವೋಲ್ಟ್ ವಾದಕನ ಬೆರಳಿಗೇ ಬರುತ್ತದೆ. 1972ರ ಮೇ 3ರಂದು ವೇಲ್ಸ್‌ನ ಸ್ವಾನ್ಸೀ ನಗರದಲ್ಲಿ, ವೇದಿಕೆಯ ಮೇಲೆ ಭೂಸಂಪರ್ಕವಿಲ್ಲದ ಮೈಕನ್ನು ಮುಟ್ಟಿ ಸ್ಕಾಟ್ಲೆಂಡಿನ ಗಿಟಾರ್ ವಾದಕ ಲೆಸ್ ಹಾರ್ವೆ ಅಸುನೀಗಿದರು. ಆಗ ಅವರ ವಯಸ್ಸು 27.

ಮಕ್ಕಳು ಕೇಬಲ್ಲು ಬದಲಿಸಲಿ, ಸಾಲು ಹೊಂದಿಸಲಿ, ದೋಷವಿರುವ ಪೆಡಲನ್ನು ಗುರುತಿಸಲಿ. ಆಂಪ್ಲಿಫೈಯರಿನ ಮುಚ್ಚಳ ತೆರೆಯುವುದು ಮಾತ್ರ ತಿಳಿದವರ ಕೆಲಸ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಅಪಾಯಕರ ವಿದ್ಯುತ್ ಉಳಿದಿರಬಹುದು. ಇನ್ನು ಹೊಸ ಪೆಟ್ಟಿಗೆಯ ಬೇಡಿಕೆ ಬಂದಾಗ ತಂದೆತಾಯಿ ಮೊದಲು ಕೇಳಬೇಕಾದ್ದು ಆ ಪರೀಕ್ಷೆಯ ಪುಸ್ತಕವನ್ನು.